ತುಂಬು ಬಸುರಿಯ ಕೈ ಜೋಮು: ಮೊದಲು ಯಾವ ಬೆರಳು ಅಂತ ಕೇಳಿ

ಏಳು ತಿಂಗಳು ದಾಟಿದ ಬಸುರಿ ಬಂದು "ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ, ಬೆಳಗ್ಗೆ ಎದ್ದರೆ ಬೆರಳು ಮಡಚೋಕೂ ಆಗಲ್ಲ" ಅಂದರೆ, ಹೆಚ್ಚಿನ ಸಲ ಅದು ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಸಣ್ಣ ಪ್ರಶ್ನೆ ಬಂದರೆ ಜಾಸ್ತಿ. ಆದರೆ ಹೊರರೋಗಿ ವಿಭಾಗದಲ್ಲಿ ಕೂತರೆ ಈ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ, "ಬಸುರಿಯಲ್ಲಿ ಇದೆಲ್ಲ ಇದ್ದದ್ದೇ" ಅನ್ನುವ ಉತ್ತರವೂ ಅಷ್ಟೇ ಸಲ ಬೀಳುತ್ತದೆ. ಇದ್ದದ್ದೇ, ಸರಿ. ಆದರೂ ಮಾಡಬಹುದಾದದ್ದು ಬೇಕಾದಷ್ಟಿದೆ, ಅಲ್ವಾ?

ಮೊದಲು ಜಾಗ ಯಾವುದು ಅಂತ ನೋಡೋಣ. ಅಂಗೈ ಬುಡದಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ, ಕಾರ್ಪಲ್ ಟನಲ್ ಅನ್ನುವುದು ಇದನ್ನೇ. ಅದರ ತಳ ಮತ್ತು ಅಕ್ಕಪಕ್ಕ ಮಣಿಕಟ್ಟಿನ ಸಣ್ಣ ಮೂಳೆಗಳು, ಮೇಲೆ ಅಡ್ಡಕ್ಕೆ ದಪ್ಪನೆಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದು ಕಟ್ಟುವ ಪಟ್ಟಿ. ಈ ದಾರಿಯಲ್ಲಿ ಬೆರಳು ಮಡಚುವ 9 ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗಳು) ಹಾದುಹೋಗುತ್ತವೆ: ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಅವುಗಳ ಜೊತೆಗೇ ಮೀಡಿಯನ್ ನರ. ಬಸುರಿಯಲ್ಲಿ ಮೈಯಲ್ಲಿ ನೀರಿನಂಶ ಜಾಸ್ತಿ ಆಗುತ್ತದೆ, ಕೊನೆಯ ಮೂರು ತಿಂಗಳಲ್ಲಂತೂ ಕಾಲು ಮಾತ್ರ ಅಲ್ಲ, ಕೈಯೂ ಊದಿಕೊಳ್ಳುತ್ತದೆ. ಟೆಂಡನ್‌ಗಳ ಸುತ್ತಲಿನ ಪೊರೆ ಉಬ್ಬುತ್ತದೆ. ಮೂಳೆ ಜರುಗುವುದಿಲ್ಲ, ಲಿಗಮೆಂಟ್ ಅಷ್ಟಾಗಿ ಹಿಗ್ಗುವುದಿಲ್ಲ. ಒಳಗಿರುವುದರಲ್ಲಿ ತೀರಾ ಮೆತ್ತಗಿರುವುದು ನರ, ಹಾಗಾಗಿ ಹಿಸುಕಿಸಿಕೊಳ್ಳುವುದೂ ಅದೇ. ನರಕ್ಕೆ ಹೋಗುವ ರಕ್ತ ಕಡಿಮೆಯಾದಾಗ ಮೊದಲು ಜುಮುಜುಮು, ಆಮೇಲೆ ಮರಗಟ್ಟುವುದು. ಒತ್ತಡ ಹಾಗೇ ಮುಂದುವರಿದರೆ ಕೊನೆಗೆ ಬಲ ಕುಗ್ಗುತ್ತದೆ.

ಇನ್ನು ಒತ್ತಡದ ಲೆಕ್ಕ. ಇದೊಂದು ತಲೆಯಲ್ಲಿ ಕೂತರೆ ಚಿಕಿತ್ಸೆಯನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ. 1981ರಲ್ಲಿ ಗೆಲ್ಬರ್‌ಮನ್ ಮತ್ತು ಸಂಗಡಿಗರು ಆ ದಾರಿಯೊಳಗಿನ ಒತ್ತಡವನ್ನೇ ಅಳೆದರು. ತೊಂದರೆ ಇಲ್ಲದವರಲ್ಲಿ, ಮಣಿಕಟ್ಟು ನೇರವಾಗಿದ್ದಾಗ, ಸರಾಸರಿ ಸುಮಾರು 2.5 ಮಿಲಿಮೀಟರ್ ಪಾದರಸ. ಕಾರ್ಪಲ್ ಟನಲ್ ತೊಂದರೆ ಇದ್ದವರಲ್ಲಿ ಮಣಿಕಟ್ಟು ನೇರ ಇದ್ದಾಗಲೇ ಸುಮಾರು 32. ಅದೇ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿದರೆ 90ರ ಮೇಲೆ, ಹಿಂದಕ್ಕೆ ಬಗ್ಗಿಸಿದರೆ 100ನ್ನೂ ದಾಟುತ್ತದೆ. ಎರಡೂ ಕಡೆ ಏರುತ್ತದೆ ಅನ್ನುವುದನ್ನು ಗಮನಿಸಿ. ಒಳಕ್ಕೆ ಮಡಚುವುದು ಕೆಟ್ಟದ್ದು, ಹಾಗಾಗಿ ಹಿಂದಕ್ಕೆ ಬಗ್ಗಿಸಿದರೆ ಆರಾಮ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಹಾಗಿಲ್ಲ. ನೇರ ಇಟ್ಟರೆ ಮಾತ್ರ ನರಕ್ಕೆ ಉಸಿರಾಡಲು ಜಾಗ.

ರಾತ್ರಿಯೇ ಯಾಕೆ ಕಾಟ? ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ಮೈಯಲ್ಲೆಲ್ಲ ಹಂಚಿಕೊಳ್ಳುತ್ತದೆ, ಕೈಗೂ ಪಾಲು ಬರುತ್ತದೆ. ಅದರ ಮೇಲೆ ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಚಿ ಗಲ್ಲದ ಕೆಳಗೋ ದಿಂಬಿನ ಕೆಳಗೋ ತುರುಕಿಕೊಳ್ಳುತ್ತೇವೆ. ಹೊಟ್ಟೆ ದೊಡ್ಡದಾದ ಮೇಲೆ ಮಗ್ಗುಲಾಗಿಯೇ ಮಲಗಬೇಕು, ಆಗ ಕೆಳಗಿನ ಕೈ ಮೈಭಾರಕ್ಕೂ ಸಿಕ್ಕಿಕೊಳ್ಳುತ್ತದೆ. ಎಚ್ಚರವಾದ ಕೂಡಲೇ ಥರ್ಮಾಮೀಟರ್ ಒದರುವ ಹಾಗೆ ಕೈ ಒದರಿದರೆ ಹಗುರ ಆಗುತ್ತದೆ ಅಂತ ಅವರೇ ಹೇಳಿದರೆ ಗುರುತು ಹಾಕಿಕೊಳ್ಳಿ, ಇದು ಫ್ಲಿಕ್ ಸೈನ್.

ಈಗ ಬೆರಳಿನ ವಿಷಯ. ಮೀಡಿಯನ್ ನರದ ಸ್ಪರ್ಶ ಇರುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತು ಉಂಗುರದ ಬೆರಳಿನ ಅರ್ಧಕ್ಕೆ. ಉಂಗುರದ ಬೆರಳಿನಲ್ಲಿ ನಡುಬೆರಳ ಕಡೆಯ ಅಂಚು ಮರಗಟ್ಟಿ, ಕಿರುಬೆರಳ ಕಡೆಯ ಅಂಚು ಚೆನ್ನಾಗಿದ್ದರೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ. ಒಂದು ಹತ್ತಿಯ ಎಳೆ ತೆಗೆದುಕೊಂಡು, ಅವರು ಕಣ್ಣು ಮುಚ್ಚಿಕೊಂಡಿರುವಾಗ ಆ ಒಂದೇ ಬೆರಳಿನ ಎರಡು ಅಂಚನ್ನೂ ಮುಟ್ಟಿ ಕೇಳಿ. ಕಿರುಬೆರಳೇ ಮುಖ್ಯವಾಗಿ ಜೋಮು ಹಿಡಿದರೆ ಅದು ಅಲ್ನಾರ್ ನರ, ಮೊಣಕೈ ಕಡೆ ನೋಡಬೇಕು. ಕುತ್ತಿಗೆ ಹೊರಳಿಸಿದಾಗ ತೋಳಿನುದ್ದಕ್ಕೂ ನೋವು ಹರಿದರೆ ಕುತ್ತಿಗೆಯ ನರ. ಇನ್ನೊಂದು ಚಂದದ ವಿವರ: ಅಂಗೈ ಬುಡದ ಚರ್ಮದಲ್ಲಿ ಸ್ಪರ್ಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಲ್ಲಿಗೆ ಹೋಗುವ ಸಣ್ಣ ಕವಲು ಆ ಇಕ್ಕಟ್ಟು ದಾರಿಗೆ ಮೊದಲೇ ಬೇರೆಯಾಗಿ ಲಿಗಮೆಂಟಿನ ಮೇಲಿಂದ ಹೋಗುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಲು ಹೇಳಿ ಮಾಡಿಸಿದ ಪ್ರಶ್ನೆ.

ಕಷ್ಟ ಏನೆಂದರೆ ಅರ್ಧಕ್ಕರ್ಧ ಜನ "ಇಡೀ ಕೈ" ಅಂತಲೇ ಹೇಳುತ್ತಾರೆ. ಅರೆನಿದ್ದೆಯಲ್ಲಿ ಯಾರು ಬೆರಳು ಎಣಿಸುತ್ತಾರೆ? ಒಂದು ಹಾಳೆಯ ಮೇಲೆ ಕೈ ಇಟ್ಟು ಗೆರೆ ಎಳೆದುಕೊಟ್ಟು, ಮುಂದಿನ ಸಲ ಎಚ್ಚರವಾದಾಗ ಜೋಮು ಇರುವಲ್ಲಿ ಗೀಚಿ ತನ್ನಿ ಅನ್ನಿ. ಬಾಯಿಮಾತಿಗಿಂತ ಆ ಹಾಳೆಯನ್ನು ನಂಬಬಹುದು.

ಜೋಮು ಬರುತ್ತದೆಯೇ ಅಂತ ಕೆರಳಿಸಿ ನೋಡುವ ಪರೀಕ್ಷೆಗಳು ಮೂರು. ಮಣಿಕಟ್ಟನ್ನು ಒಂದು ನಿಮಿಷ ಒಳಕ್ಕೆ ಮಡಚಿ ಹಿಡಿಯುವುದು ಫೇಲನ್. ನರದ ಮೇಲೆ ಬೆರಳಿಂದ ತಟ್ಟುವುದು ಟಿನೆಲ್, 1915ರ ಫ್ರೆಂಚ್ ನರವೈದ್ಯರ ಹೆಸರು. ಹೆಬ್ಬೆರಳಿಂದ ನರದ ಮೇಲೆ 30 ಸೆಕೆಂಡ್ ಒತ್ತಿ ಹಿಡಿಯುವುದು ಡರ್ಕನ್. ಯಾವುದೂ ನೂರಕ್ಕೆ ನೂರು ಅಲ್ಲ. ಹೆಬ್ಬೆರಳ ಬುಡದ ಮಾಂಸಲ ಉಬ್ಬನ್ನು ಮಾತ್ರ ನೋಡದೆ ಬಿಡಬೇಡಿ. ಎರಡೂ ಕೈ ಪಕ್ಕಪಕ್ಕ ಇಟ್ಟಾಗ ಒಂದು ಕಡೆ ಚಪ್ಪಟೆಯಾಗಿದ್ದರೆ, ಗುಂಡಿ ಹಾಕಿಕೊಳ್ಳಲು ಆಗದಿದ್ದರೆ, ಲೋಟ ಕೈಜಾರಿ ಬೀಳುತ್ತಿದ್ದರೆ, ಹೆರಿಗೆ ಆಗಲಿ ನೋಡೋಣ ಅಂತ ಕಾಯುವ ಹಾಗಿಲ್ಲ. ನರದ ವೇಗ ಅಳೆಯುವ ಪರೀಕ್ಷೆಯನ್ನು ಬಸುರಿಯಲ್ಲೂ ಮಾಡಬಹುದು.

ಇನ್ನು ಏನು ಮಾಡಬೇಕು ಅನ್ನುವುದು. ನನ್ನ ಮಟ್ಟಿಗೆ ರಾತ್ರಿಯ ಸ್ಪ್ಲಿಂಟ್ (ಮಣಿಕಟ್ಟು ಬಗ್ಗದ ಹಾಗೆ ಹಿಡಿದಿಡುವ ಕಟ್ಟು) ಮೊದಲು, ಉಳಿದದ್ದೆಲ್ಲ ಆಮೇಲೆ. ಆದರೆ "ಸ್ಪ್ಲಿಂಟ್ ಹಾಕಿ" ಅಂತ ಬರೆದುಕೊಟ್ಟರೆ ಸಾಲದು. ಸಿದ್ಧವಾಗಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗೆ ಅಂಗೈ ಕಡೆ ಒಂದು ಲೋಹದ ಪಟ್ಟಿ ಇರುತ್ತದೆ, ಅದು ಕೈಯನ್ನು ಹಿಂದಕ್ಕೆ 20-30 ಡಿಗ್ರಿ ಬಗ್ಗಿಸಿ ಇಡುವ ಹಾಗೆ ಬಾಗಿರುತ್ತದೆ. ಮೇಲಿನ ಲೆಕ್ಕ ನೆನಪಿದ್ದರೆ ತೊಂದರೆ ಗೊತ್ತಾಗುತ್ತದೆ. ಆ ಪಟ್ಟಿಯನ್ನು ಸ್ಪ್ಲಿಂಟಿನ ಜೇಬಿನಿಂದ ಹೊರಗೆಳೆದು, ಮೇಜಿನ ಅಂಚಿಗೆ ಒತ್ತಿ ಹೆಚ್ಚುಕಡಿಮೆ ನೇರ ಮಾಡಿ ಮತ್ತೆ ಸೇರಿಸಬೇಕು. ಹಾಕಿಕೊಂಡ ಮೇಲೆ ಪಕ್ಕದಿಂದ ನೋಡಿದರೆ ಅಂಗೈ ಹಿಂಭಾಗವೂ ಮುಂಗೈಯೂ ಒಂದೇ ಗೆರೆಯಲ್ಲಿರಬೇಕು. ಬೆರಳುಗಳು ಬುಡದಿಂದ ಮಡಚಲು ಬರಬೇಕು. ಬಿಗಿಯುವ ಬಟ್ಟೆಯ ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ, ಏಕೆಂದರೆ ರಾತ್ರಿ ಕಳೆಯುತ್ತ ಊತ ಏರಬಹುದು, ಸಂಜೆ ಸರಿಯಾಗಿದ್ದ ಬಿಗಿ ನಡುರಾತ್ರಿ ಸರಿಯಿರುವುದಿಲ್ಲ. ಒಂದೆರಡು ರಾತ್ರಿಗೇ ಉಪಯೋಗ ಇಲ್ಲ ಅಂತ ಬಿಸಾಡಬೇಡಿ, ಕೆಲವು ವಾರ ಬಿಡದೆ ಹಾಕಬೇಕು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಗಲಿಡೀ ಹಾಕಿಕೊಂಡೇ ಇದ್ದರೆ ಕೈ ಪೆಡಸಾಗುತ್ತದೆ.

ಮಲಗುವಾಗ ಎದೆಯ ಮುಂದೆ ಒಂದು ದಿಂಬು ತಬ್ಬಿಕೊಂಡು ಮೇಲಿನ ಕೈಯನ್ನು ಅದರ ಮೇಲೆ ಚಾಚಿಡಲಿ, ಕೆಳಗಿನ ಕೈ ತಲೆಯಡಿ ಬೇಡ. ಹಗಲಲ್ಲಿ ಫೋನ್ ಎತ್ತಿ ಹಿಡಿದು ಗಂಟೆಗಟ್ಟಲೆ ನೋಡುವುದು, ಬಟ್ಟೆ ಹಿಂಡುವುದು, ಕೈ ಊರಿ ಏಳುವುದು, ಇವೆಲ್ಲ ಕೆರಳಿಸುತ್ತವೆ. ಏಳುವಾಗ ಅಂಗೈ ಬದಲು ಮುಷ್ಟಿಯನ್ನೋ ಮುಂಗೈಯನ್ನೋ ಊರಿದರೆ ಮಣಿಕಟ್ಟು ಬಗ್ಗುವುದಿಲ್ಲ. ಉಂಗುರ ಬಿಗಿಯಾಗುವ ಮೊದಲೇ ತೆಗೆದಿಡಬೇಕು, ಪೂರ್ತಿ ಊದಿದ ಮೇಲೆ ಕತ್ತರಿಸುವುದೇ ದಾರಿ ಆದೀತು. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬಹುದು, ಆದರೆ ಮರಗಟ್ಟಿದ ಚರ್ಮಕ್ಕೆ ಚಳಿ ಜಾಸ್ತಿಯಾದದ್ದು ತಿಳಿಯುವುದಿಲ್ಲ, ಕಣ್ಣಿಟ್ಟಿರಬೇಕು. ಬೆರಳು ಚಾಚಿ, ಕೊಕ್ಕೆ ಮಾಡಿ, ಮುಷ್ಟಿ ಕಟ್ಟುವ ನಿಧಾನದ ವ್ಯಾಯಾಮದಿಂದ ಕೆಲವರಿಗೆ ಅನುಕೂಲ ಆಗುತ್ತದೆ. ಜುಮುಜುಮು ಏರಿದರೆ ನಿಲ್ಲಿಸಲಿ.

ಬೇಡದ್ದೂ ಇದೆ. ಊತಕ್ಕೆ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡುವುದು, ಯಾರೋ ಹೇಳಿದರೆಂದು ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗುವುದು ಬೇಡ. ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಸುಮ್ನೆ ಒಂದು ತಾನೇ ಅಂತ ತೆಗೆದುಕೊಳ್ಳುವುದಂತೂ ಬೇಡ. 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ, ಇನ್ನೂ ತಡವಾಗಿ ತೆಗೆದುಕೊಂಡರೆ ಮಗುವಿನ ಹೃದಯದ ಹತ್ತಿರದ, ಹುಟ್ಟುವ ತನಕ ತೆರೆದಿರಬೇಕಾದ ಡಕ್ಟಸ್ ಅನ್ನುವ ರಕ್ತನಾಳ ಬೇಗ ಮುಚ್ಚಿಕೊಳ್ಳುವ ಭಯವೂ ಇದೆ. ಬಿ6 ವಿಟಮಿನ್ ನರಕ್ಕೆ ಒಳ್ಳೆಯದು ಅಂತ ಕೈತುಂಬ ನುಂಗುವವರಿದ್ದಾರೆ, ಅದೇ ವಿಟಮಿನ್ ಅತಿಯಾದರೆ ಜೋಮು ತರುತ್ತದೆ. ಯಾವ ಮಾತ್ರೆಯೂ ವೈದ್ಯರನ್ನು ಕೇಳಿಯೇ.

ಕೈ ಊತದ ಮಾತು ಬಂದಾಗಲೆಲ್ಲ ಬಿಪಿ ನೋಡಲೇಬೇಕು. ಕೈ, ಮುಖ ಇದ್ದಕ್ಕಿದ್ದಂತೆ ಊದಿ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ, ಬಿಪಿ 140/90 ಮುಟ್ಟಿದ್ದರೆ, ಅದು ಪ್ರಿಎಕ್ಲಾಂಪ್ಸಿಯಾ (ಬಸುರಿಯಲ್ಲಿ ಬಿಪಿ ಏರುವ ಅಪಾಯದ ಕಾಯಿಲೆ) ಇರಬಹುದು, ಅವತ್ತೇ ಆಸ್ಪತ್ರೆಗೆ. ಒಂದೇ ಕಡೆಯ ಕೈ ಕಾಲು ಒಮ್ಮೆಲೇ ಸ್ವಾಧೀನ ತಪ್ಪಿ ಮಾತು ತೊದಲಿದರೆ ಪಾರ್ಶ್ವವಾಯು ಅಂತಲೇ ತಿಳಿದು ಓಡಬೇಕು. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ ಇದ್ದವರಲ್ಲೂ ಕಾರ್ಪಲ್ ಟನಲ್ ಜಾಸ್ತಿ, ಹಾಗಾಗಿ ಆ ವರದಿಗಳ ಮೇಲೂ ಒಮ್ಮೆ ಕಣ್ಣಾಡಿಸಿ.

ಜೋಮು ಇಲ್ಲ, ಬರೀ ನೋವು, ಅದೂ ಮಣಿಕಟ್ಟಿನ ಹೆಬ್ಬೆರಳ ಕಡೆ ಅಂದರೆ ಕಥೆ ಬೇರೆ. ಅದು ಡಿ ಕ್ವೆರ್ವೇನ್, ಹೆಬ್ಬೆರಳನ್ನು ಹೊರಕ್ಕೆ ಚಾಚುವ ಎರಡು ಟೆಂಡನ್‌ಗಳ ಪೊರೆಯ ತೊಂದರೆ. ಬಸುರಿಯ ಕೊನೆಯಲ್ಲೂ ಬರುತ್ತದೆ, ಬಾಣಂತನದಲ್ಲಿ ಇನ್ನೂ ಜಾಸ್ತಿ. ಮಗುವಿನ ಕಂಕುಳಿಗೆ ಹೆಬ್ಬೆರಳು ಅಗಲಿಸಿ ಕೊಟ್ಟು ಎತ್ತುವುದೇ ಮುಖ್ಯ ಕಾರಣ. ಎರಡು ಅಂಗೈಯನ್ನೂ ಮಗುವಿನ ಕೆಳಗೆ ತೂರಿಸಿ ಬಾಚಿ ಎತ್ತುವುದನ್ನು ಹೆರಿಗೆಗೆ ಮೊದಲೇ ಹೇಳಿಕೊಡಬಹುದು. ಇಲ್ಲಿ ಬೇಕಾಗುವ ಸ್ಪ್ಲಿಂಟ್ ಹೆಬ್ಬೆರಳನ್ನೂ ಹಿಡಿದಿಡುವಂಥದ್ದು.

ಕಾರ್ಪಲ್ ಟನಲ್ ಬಹಳಷ್ಟು ಜನರಲ್ಲಿ ಹೆರಿಗೆ ಆದ ಮೇಲೆ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಹಾಲೂಡಿಸುವಾಗ ಮಗುವಿನ ತಲೆಯನ್ನು ಮಡಚಿದ ಮಣಿಕಟ್ಟಿನ ಮೇಲೆ ಹೊತ್ತು ಕೂತರೆ ಮಾತ್ರ ಅದು ಎಳೆಯುತ್ತಲೇ ಹೋಗುತ್ತದೆ. ಭಾರ ದಿಂಬಿನ ಮೇಲಿರಲಿ, ಕೈ ಬರೀ ಆಸರೆ. ಸ್ಪ್ಲಿಂಟ್‌ಗೂ ಬಗ್ಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ, ಅಗತ್ಯಬಿದ್ದರೆ ಬಸುರಿಯಲ್ಲೂ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಬೇಕಾದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಲಿಗಮೆಂಟ್ ಬಿಡಿಸುತ್ತಾರೆ. ಹೆರಿಗೆಯ ನಂತರದ ತಪಾಸಣೆಗೆ ಬಂದಾಗ ಎಲ್ಲರ ಗಮನ ಮಗುವಿನ ಮೇಲೇ ಇರುತ್ತದೆ, ತಾಯಿಯ ಕೈ ಕೇಳುವವರಿರುವುದಿಲ್ಲ. ಬಸುರಿಯಲ್ಲಿ ಜೋಮು ಅಂತ ಬರೆದಿದ್ದರೆ ಅವತ್ತು ಮತ್ತೆ ಹತ್ತಿಯ ಎಳೆ ತೆಗೆದು ಅದೇ ಉಂಗುರದ ಬೆರಳಿನ ಎರಡು ಅಂಚನ್ನು ಮುಟ್ಟಿ ನೋಡಿ, ವ್ಯತ್ಯಾಸ ಉಳಿದಿದ್ದರೆ ನರತಜ್ಞರಿಗೋ ಕೈ ಶಸ್ತ್ರವೈದ್ಯರಿಗೋ ಚೀಟಿ ಬರೆಸಿ.