ರಾತ್ರಿ ಮನೆಗೆ ನುಗ್ಗಿದ ಕಳ್ಳ ನನ್ನ ಏಟಿಗೆ ಸತ್ತರೆ ಕೊಲೆ ಕೇಸಾ?

ಪ್ರಶ್ನೆ: ನಮ್ಮದು ಅಡಿಕೆ ತೋಟದ ನಡುವಿನ ಒಂಟಿ ಮನೆ. ಮಧ್ಯರಾತ್ರಿ ಬಾಗಿಲು ಮುರಿದು ನುಗ್ಗಿದವನು ನನ್ನ ಏಟಿಗೆ ಸತ್ತುಹೋದರೆ ನಾನು ಜೈಲಿಗೆ ಹೋಗಬೇಕಾ?

ಉತ್ತರ: ಒಂದು ಸಾವಾದ ಮೇಲೆ ಪೊಲೀಸ್ ಕೇಸು, ತನಿಖೆ ಇದ್ದದ್ದೇ. ಶಿಕ್ಷೆಯ ಮಾತು ಬೇರೆ. ಏಟು ಬಿದ್ದ ಗಳಿಗೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದರ ಮೇಲೆ ಅದು ನಿಂತಿದೆ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಳೆಯ 96ರಿಂದ 106ರವರೆಗಿನ ಕಲಂಗಳು ಈಗ 34ರಿಂದ 44. ತಿರುಳು ಹೆಚ್ಚುಕಡಿಮೆ ಅದೇ. ಪ್ರಾಣ ಹೋಗುವ ಅಥವಾ ತೀವ್ರ ಗಾಯವಾಗುವ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಎದುರಾಳಿ ಸತ್ತರೂ ಅಪರಾಧವಲ್ಲ ಎನ್ನುತ್ತದೆ ಕಲಂ 38. ಆಸ್ತಿಯ ವಿಷಯ ಕಲಂ 41ರಲ್ಲಿದೆ. ಸುಲಿಗೆ, ವಾಸದ ಮನೆಗೆ ಬೆಂಕಿ ಇಡುವುದು, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಬೀಗವನ್ನೋ ಬಾಗಿಲನ್ನೋ ಮುರಿದು ಒಳನುಗ್ಗುವುದು ಅಲ್ಲಿ ಬರುತ್ತವೆ. ನಿಮ್ಮ ಪ್ರಶ್ನೆಯ ಕಳ್ಳ ಈ ಕೊನೆಯ ಸಾಲಿಗೆ ಸೇರಿದವನು. ಬಾಗಿಲು ತೆರೆದೇ ಇದ್ದು ಸುಮ್ಮನೆ ಒಳಬಂದವನ ಲೆಕ್ಕ ಬೇರೆ. ಅವನಿಂದ ಜೀವಭಯ ಹುಟ್ಟಿತ್ತೇ ಎಂಬುದನ್ನೂ ತೋರಿಸಬೇಕಾಗುತ್ತದೆ.

ಜನ ಎಡವುವುದು ಮುಂದಿನ ಹಂತದಲ್ಲಿ. ಮಚ್ಚು ಎತ್ತಿ ಮೇಲೆ ಬಂದವನಿಗೆ ದೊಣ್ಣೆಯಿಂದ ಬಾರಿಸಿದಿರಿ, ಅವನು ಬಿದ್ದ. ಅಲ್ಲಿಗೆ ಕಾನೂನು ನಿಮ್ಮ ಕಡೆ. ಬಿದ್ದು ಕೈ ಮುಗಿಯುತ್ತಿರುವವನ ತಲೆಗೆ ಮತ್ತೆರಡು ಕೊಟ್ಟರೆ, ಅಥವಾ ಗೇಟು ದಾಟಿ ಓಡುತ್ತಿರುವವನ ಬೆನ್ನಿಗೆ ಕೋವಿ ಹಾರಿಸಿದರೆ ಅದು ರಕ್ಷಣೆಯಲ್ಲ, ಸೇಡು. ಬೆನ್ನಿನ ಗಾಯ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಕಾಣದೆ ಹೋಗುವುದಿಲ್ಲ. ಸದುದ್ದೇಶದಿಂದಲೇ ರಕ್ಷಿಸಿಕೊಳ್ಳಲು ಹೋಗಿ ಮಿತಿ ಮೀರಿದ್ದರೆ ಅದು ಕೊಲೆಯಲ್ಲದ ನರಹತ್ಯೆಯಾಗಬಹುದು. ಶಿಕ್ಷೆ ತಗ್ಗೀತು, ತಪ್ಪುವುದಿಲ್ಲ.

ಹಾಗೆಂದು ಕತ್ತಲಲ್ಲಿ ಗಾಬರಿಬಿದ್ದವನು ಏಟನ್ನು ತಕ್ಕಡಿಯಲ್ಲಿ ತೂಗಿ ಹೊಡೆಯಬೇಕೆಂದು ನ್ಯಾಯಾಲಯಗಳು ಕೇಳುವುದಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆತ್ಮರಕ್ಷಣೆಯನ್ನು ತೋರಿಸುವ ಹೊಣೆ ಆರೋಪಿಯದ್ದೇ ಆದರೂ, ಹಾಗೆ ನಡೆದಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಆದ್ದರಿಂದ ಘಟನೆಯಾದ ಕೂಡಲೇ 112ಕ್ಕೆ ಫೋನ್ ಮಾಡಿ. ರಕ್ತ ತೊಳೆಯಬೇಡಿ, ಮಚ್ಚು ಎತ್ತಿಡಬೇಡಿ. ನಿಮ್ಮ ಮೈಮೇಲಿನ ತರಚು ಗಾಯವನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಬರೆಸಿ. ಮೊದಲ ಹೇಳಿಕೆಗೆ ಮುಂಚೆ ವಕೀಲರೊಬ್ಬರ ಜತೆ ಮಾತಾಡಿ.

ತೋಟದವರಾದ್ದರಿಂದ ಇನ್ನೊಂದು ಮಾತು. ಗೊನೆ ಕದಿಯುವವನನ್ನು ತಡೆಯಬಹುದು, ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಬರೀ ಕಳ್ಳತನಕ್ಕೆ ಕೊಲ್ಲುವ ಹಕ್ಕಿಲ್ಲ. ಕಳ್ಳರಿಗೆಂದು ಬೇಲಿಗೆ ಲೈನ್‌ ಕರೆಂಟ್ ಕೊಟ್ಟು ಮಲಗುವವರಿಗಂತೂ ಆತ್ಮರಕ್ಷಣೆಯ ವಾದ ನಿಲ್ಲುವುದು ಬಹಳ ಕಷ್ಟ. ತಂತಿಗೆ ಕಳ್ಳನೂ ಒಂದೇ, ಹಸು ಹುಡುಕಿಕೊಂಡು ಬಂದ ಪಕ್ಕದ ಮನೆಯ ಹುಡುಗನೂ ಒಂದೇ.