ಕಾಲೇಜಿನ ಪಾಠದಿಂದ ಚುನಾವಣಾ ಸಂಶೋಧನೆಗೆ: ದಾರಿ ಎಲ್ಲಿಂದ?

ಪ್ರಶ್ನೆ: ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ, ಊರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ. ಉಪನ್ಯಾಸಕ ವೃತ್ತಿ ಹಿಡಿದು ಸಾರ್ವಜನಿಕ ನೀತಿ, ಅದರಲ್ಲೂ ಚುನಾವಣಾ ಆಡಳಿತದ ಸಂಶೋಧನೆ ಮಾಡುವ ಆಸೆಯಿದೆ. ದೆಹಲಿಗೆ ಹೋಗದೆ ಆಗುತ್ತದೆಯೇ?

ಉತ್ತರ: ಮುಂದೆ ಯಾವಾಗಲಾದರೂ ದೆಹಲಿಗೆ ಹೋಗಬೇಕಾದೀತು. ಆದರೆ ಶುರು ಮಾಡಲು ಮಂಜೇಶ್ವರಕ್ಕಿಂತ ಒಳ್ಳೆಯ ಕ್ಷೇತ್ರ ಸಿಗುವುದು ಕಷ್ಟ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ ಬರೀ 89 ಮತ. ಸೋತ ಅಭ್ಯರ್ಥಿ ವಿದೇಶದಲ್ಲಿರುವವರ ಹೆಸರಿನಲ್ಲೂ ಕಳ್ಳಮತ ಬಿದ್ದಿದೆಯೆಂಬ ದೂರು ಹಿಡಿದು ಕೇರಳ ಹೈಕೋರ್ಟಿಗೆ ಹೋದರು. ಗೆದ್ದವರು 2018ರಲ್ಲಿ ತೀರಿಕೊಂಡರು, 2019ರಲ್ಲಿ ಅರ್ಜಿ ವಾಪಸಾಯಿತು. 2021ರಲ್ಲೂ ಅಂತರ 745 ಮತವಷ್ಟೇ.

ಯಾರು ಯಾಕೆ ಗೆದ್ದರು ಅನ್ನುವುದನ್ನು ಟಿ.ವಿ.ಯವರು ನೋಡಿಕೊಳ್ಳುತ್ತಾರೆ. ನಿಮ್ಮ ಪ್ರಶ್ನೆ ಬೇರೆ: ಗಲ್ಫಿನಲ್ಲಿರುವವರ ಹೆಸರು ಮತದಾರರ ಪಟ್ಟಿಯಲ್ಲಿ ಹೇಗೆ ಉಳಿಯುತ್ತದೆ, ಯಾರು ತೆಗೆಸುತ್ತಾರೆ, ಬೂತಿನಲ್ಲಿ ಗುರುತು ನೋಡುವವರ ಕೈಗೆ ಏನಿರುತ್ತದೆ. ಅಮೆರಿಕದಲ್ಲೂ ಈ ವಿಷಯಕ್ಕೆ ಬಲ ಬಂದದ್ದು ಇಂಥದೇ ಜಗಳದಿಂದ. 2000ರಲ್ಲಿ ಫ್ಲಾರಿಡಾದಲ್ಲಿ 537 ಮತಗಳ ಅಂತರ ಅಧ್ಯಕ್ಷರನ್ನೇ ತೀರ್ಮಾನಿಸಿತು. ಅದೇ ವರ್ಷಾಂತ್ಯಕ್ಕೆ ಕ್ಯಾಲ್‌ಟೆಕ್ ಮತ್ತು ಎಂಐಟಿ ಎಂಬ ಅಲ್ಲಿನ ಎರಡು ವಿಶ್ವವಿದ್ಯಾಲಯಗಳು ಸೇರಿ ಮತದಾನದ ತಂತ್ರಜ್ಞಾನದ ಮೇಲೆ ಜಂಟಿ ಸಂಶೋಧನೆಗೆ ಇಳಿದವು.

ನಮ್ಮಲ್ಲಿ ತ್ರಿಲೋಚನ ಶಾಸ್ತ್ರಿ, ಜಗದೀಪ್ ಛೋಕರ್ ಅವರನ್ನು ನೋಡಿ. ಐಐಎಂ ಅಹಮದಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸುತ್ತಿದ್ದ ಮಾಷ್ಟ್ರುಗಳು. 1999ರಲ್ಲಿ ಸಹೋದ್ಯೋಗಿಗಳ ಜೊತೆ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂಬ ಸಂಸ್ಥೆ ಕಟ್ಟಿ, ಅಭ್ಯರ್ಥಿಗಳ ಕ್ರಿಮಿನಲ್ ಕೇಸುಗಳ ವಿವರ ಜನರಿಗೆ ಸಿಗಬೇಕೆಂದು ಕೋರ್ಟು ಹತ್ತಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಇವತ್ತು ಪ್ರತಿ ಅಭ್ಯರ್ಥಿ ಸಲ್ಲಿಸುವ ಅಫಿಡವಿಟ್ಟಿನ ಹಿಂದೆ ಆ ಹೋರಾಟವಿದೆ.

ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ), ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್), ಪಿಎಚ್.ಡಿ. ಮೆಟ್ಟಿಲು ನಿಮಗೆ ಗೊತ್ತಿರುವುದೇ. ನಿಮ್ಮ ಜಿಲ್ಲೆಯ ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ರಾಜ್ಯಶಾಸ್ತ್ರದವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಸಂಖ್ಯಾಶಾಸ್ತ್ರವನ್ನು ಮಾತ್ರ ಈಗಲೇ ಹಿಡಿಯಿರಿ. ಇನ್ನು ನೌಕರಿ ಸಿಕ್ಕಿದ ಮೇಲೆ ಚುನಾವಣಾ ಡ್ಯೂಟಿ ಬಂದರೆ ಡಾಕ್ಟರ ಸರ್ಟಿಫಿಕೇಟು ಹುಡುಕಬೇಡಿ! ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ, ಅದನ್ನು ಅಳಿಸಿ ಯಂತ್ರಕ್ಕೆ ಸೀಲು, ಸಂಜೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ 17ಸಿ ಫಾರಂ ತುಂಬಿ ಏಜೆಂಟರಿಗೆ ಪ್ರತಿ: ಒಳಗೆ ಕೂತು ಇದನ್ನು ಮಾಡಿದವರು ಕೇಳುವ ಪ್ರಶ್ನೆಗಳೇ ಬೇರೆ. ಕನ್ನಡ, ಮಲಯಾಳ ಎರಡೂ ಓದಬಲ್ಲವರು ಈ ಗಡಿಯಲ್ಲಿ ಮಾಡುವ ಕೆಲಸ ದೆಹಲಿಯಿಂದ ಬಂದವರಿಗೆ ಆಗುವಂಥದ್ದಲ್ಲ.

ಮೊದಲ ಕೆಲಸವಾಗಿ ಮಂಜೇಶ್ವರದ 2016 ಮತ್ತು 2021ರ ಫಾರಂ 20 ಹುಡುಕಿ. ಬೂತುವಾರು ಮತಗಳ ಲೆಕ್ಕ ಅದರಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟ ಕೂಡಲೇ ಒಂದು ತೊಡಕು ಎದುರಾಗುತ್ತದೆ: ಕೋವಿಡ್ ಕಾರಣಕ್ಕೆ 2021ರಲ್ಲಿ ಬೂತಿಗೆ 1,000 ಮತದಾರರ ಮಿತಿ ಹಾಕಿ ಹೆಚ್ಚುವರಿ ಬೂತುಗಳನ್ನು ತೆರೆದಿದ್ದರು. ಹಾಗಾಗಿ ಹಳೆಯ ಬೂತನ್ನು ಹೊಸದಕ್ಕೆ ಜೋಡಿಸುವುದಕ್ಕೇ ಕೆಲವು ವಾರ ಬೇಕಾದೀತು.