ಬಟನ್ ದೊಡ್ಡದಾದರೆ ಸಾಕಾ?

ಕೆಲಸ ಮಾಡಿಕೊಂಡು ಡಿಗ್ರಿ ಓದುವವರು ಮೊಬೈಲ್ ಪಾಠವನ್ನು ಯಾಕೆ ಮುಟ್ಟುವುದಿಲ್ಲ ಅಂತ ಕೇಳಿ ನೋಡಿ. 'ಅವರಿಗೆ ಆ್ಯಪ್ ಬಳಸೋಕೆ ಬರಲ್ಲ ಬಿಡಿ, ಬಟನ್ ದೊಡ್ಡದು ಮಾಡಿದ್ರೆ ಸರಿಹೋಗುತ್ತೆ' ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಚೀಟಿ ದುಡ್ಡಿನಿಂದ ಹಿಡಿದು ಕರೆಂಟ್ ಬಿಲ್ ತನಕ ಅದೇ ಮೊಬೈಲಲ್ಲಿ ಕಟ್ಟುವವರಿಗೆ ಒಂದು ವಿಡಿಯೊ ತೆರೆಯೋಕೆ ಬರಲ್ವಾ?

ಹೊಸ ಸಾಧನವನ್ನು ಜನ ಯಾವಾಗ ಒಪ್ಪುತ್ತಾರೆ ಅನ್ನೋದನ್ನು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ ಅಳೆದು, 1989ರಲ್ಲೇ ಪ್ರಕಟಿಸಿದ್ದರು. ಮೊಬೈಲಲ್ಲ, ಆಗಿನ ಕಂಪ್ಯೂಟರ್. ಮಜಾ ಏನಂದ್ರೆ, ಅವರ ಒಂದು ಪ್ರಯೋಗದಲ್ಲಿ ಕೂತಿದ್ದವರು ಬಾಸ್ಟನ್ ವಿಶ್ವವಿದ್ಯಾಲಯದ 40 ಸಂಜೆ ಎಂಬಿಎ ವಿದ್ಯಾರ್ಥಿಗಳು. ಹಗಲು ಕೆಲಸ, ಸಂಜೆ ಕ್ಲಾಸು. ಗ್ರಾಫ್ ಬಿಡಿಸುವ ಎರಡು ಸಾಫ್ಟ್‌ವೇರ್ ಕೊಟ್ಟು ಕೇಳಿದ್ದು ಇಷ್ಟೇ: ಇದರಿಂದ ಉಪಯೋಗ ಇದೆಯಾ, ಬಳಸೋದು ಸುಲಭವಾ, ಮುಂದೆ ಬಳಸ್ತೀರಾ? ಪೂರ್ತಿ ನಂಟಿದ್ದರೆ 1 ಅಂತಿಟ್ಟುಕೊಳ್ಳಿ. ಮುಂದೆ ಬಳಸುವ ಮಾತಿಗೂ ಉಪಯೋಗಕ್ಕೂ ನಂಟು 0.85, ಸುಲಭತೆಗೆ 0.59. ಎರಡನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ ಸುಲಭತೆಯ ಪಾಲು ಹೆಚ್ಚುಕಡಿಮೆ ಕರಗಿಯೇ ಹೋಯಿತು.

ಕಹಿ ಕಷಾಯ ಕುಡಿಯೋದು ಜ್ವರ ಇಳಿಯುತ್ತೆ ಅಂತ. ತುಂಬಿದ ಬಸ್ಸಿಗೆ ಜೋತು ಬೀಳೋದು ಸೀಟು ಮೆತ್ತಗಿದೆ ಅಂತಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೆ ಅಂತ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿತು. ಮುಂದೆ ಅದರ ಟಿವಿ ಪಾಠ ನೋಡಲು ಜನ ನಸುಕಿಗೇ ಅಲಾರಾಂ ಇಟ್ಟು ಏಳುತ್ತಿದ್ದರು. ಅದರಲ್ಲಿ ಸುಲಭ ಏನಿತ್ತು?

ಹಾಗಂತ ಸುಲಭತೆ ದಂಡ ಅಂತಲ್ಲ. ಅದು ಉಪಯೋಗದ ಬೆನ್ನ ಹಿಂದೆ ನಿಂತು ಕೆಲಸ ಮಾಡುತ್ತದೆ. ಯಾವ ಫೋನಿನಲ್ಲೂ ಕನ್ನಡ ಕನ್ನಡವಾಗೇ ಕಾಣುವಂತೆ ಮಾಡಿದ ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸನ್ನು ಮೊಬೈಲಲ್ಲಿ ತೆರೆದಿದ್ದೀರಾ? ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಇಲ್ಲದ ಫೋನಿನಲ್ಲಿ ಕಾಣೋದು ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಚುಕ್ಕಿ ಸೇರಿದ ಚಿತ್ರಾನ್ನ. ಇರೋ ಅರ್ಧ ಗಂಟೆ ಅದರಲ್ಲೇ ಹೋದರೆ ಉಪಯೋಗವೂ ಸೊನ್ನೆ, ಅಲ್ವಾ?

ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜಿನ ಚೆಂದದ ಆ್ಯಪ್ ಫೋನಿನಲ್ಲಿದೆ, ತೆರೆಯೋದೇ ಇಲ್ಲ. ಅವಳು ದಿನಾ ಬಸ್ಸಿನಲ್ಲಿ ಓದೋದು ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹಳೇ ಪ್ರಶ್ನೆಪತ್ರಿಕೆಗಳ ಫೋಟೊ. ಅರ್ಧ ಮಸುಕು, ಅಡ್ಡಡ್ಡ ಬಿದ್ದಿರುವ ಪುಟ. ಒಂದು ಕೈಯಲ್ಲಿ ಕಂಬಿ, ಇನ್ನೊಂದರ ಹೆಬ್ಬೆರಳಲ್ಲಿ ಫೋಟೊ ಸರಿಸುತ್ತಾ, ಕತ್ತು ಓರೆ ಮಾಡಿಕೊಂಡು ಓದುತ್ತಾಳೆ.